ಕೆಂಪು ಬೆಳಕಿನ ಪುಡಿ: ಯೂರಿಯಾ ಉರಿಯಲ್ಲಿ ಫಾಸ್ಫರ್

ಸಿಎಫ್‌ಎಲ್ ಬಲ್ಬಿನ ಗಾಜಿನ ಒಳಮೈಗೆ ಬಿಳಿ ಪುಡಿ ಬಳಿದಿರುತ್ತದಲ್ಲ, ಅದೇ ಫಾಸ್ಫರ್. ಪಾದರಸದ ಆವಿ ಹೊರಡಿಸುವ 254 ನ್ಯಾನೋಮೀಟರ್ ಅತಿನೇರಳೆ ಕಿರಣವನ್ನು ಹೀರಿ ಕಣ್ಣಿಗೆ ಕಾಣುವ ಬೆಳಕು ಕೊಡುವುದು ಅದರ ಕೆಲಸ. ಅದರಲ್ಲಿ ಕೆಂಪಿನ ಪಾಲು ಯುರೋಪಿಯಂ ಬೆರೆತ ಯಿಟ್ರಿಯಂ ಆಕ್ಸೈಡಿನದು. ಧಾರವಾಡ, ಗದಗ, ಹಾವೇರಿ ಕಡೆಯ ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದು ಹೇಳಿ ಮಾಡಿಸಿದ ವಸ್ತು. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಿಂಗ್ಸ್ಲೆ ಮತ್ತು ಕೆ.ಸಿ. ಪಾಟೀಲರು ಅಲ್ಯುಮಿನಾಕ್ಕಾಗಿ (ಅಲ್ಯುಮಿನಿಯಂ ಆಕ್ಸೈಡ್) ತೋರಿಸಿಕೊಟ್ಟ ದಹನ ವಿಧಾನವೇ ಇಲ್ಲಿಯೂ ಸಾಕು: ಲೋಹದ ನೈಟ್ರೇಟಿಗೆ ಯೂರಿಯಾ ಬೆರೆಸಿ ಉರಿಸಿ ಆಕ್ಸೈಡ್ ಪುಡಿ ಪಡೆಯುವುದು.

ಮೊದಲು ತೂಕ. ಎರಡೂ ಆಕ್ಸೈಡುಗಳು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹೀರುತ್ತವೆ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಕೇಳುವುದೇ ಬೇಡ. ಅದಕ್ಕೇ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ತಾಸು ಕಾಯಿಸಿ, ಡೆಸಿಕೇಟರಿನಲ್ಲಿ (ತೇವ ತಾಗದ ಮುಚ್ಚಿದ ಗಾಜಿನ ಪಾತ್ರೆ) ಆರಿಸಿ, ಆರಿದ ಕೂಡಲೇ ತೂಗಬೇಕು. ಶೇ 5 ಯುರೋಪಿಯಂ ಇರುವ ಸುಮಾರು 2.3 ಗ್ರಾಂ ಪುಡಿಗೆ ಯಿಟ್ರಿಯಂ ಆಕ್ಸೈಡ್ 2.145 ಗ್ರಾಂ, ಯುರೋಪಿಯಂ ಆಕ್ಸೈಡ್ 0.176 ಗ್ರಾಂ ಬೇಕು. ಈ ಶೇಕಡಾ ಮೋಲ್ ಲೆಕ್ಕದ್ದು, ಅಂದರೆ ಲೋಹದ ಪರಮಾಣುಗಳ ಎಣಿಕೆಯದು. ತೂಕದ್ದೆಂದು ತಿಳಿದು ಎಡವುವವರು ಬಹಳ.

300 ಮಿ.ಲೀ. ಹಿಡಿಸುವ ಅಗಲ ಬಾಯಿಯ ಬೊರೊಸಿಲಿಕೇಟ್ ಬಟ್ಟಲಿನಲ್ಲಿ, ಸಮಪಾಲು ನೀರು ಬೆರೆಸಿದ ನೈಟ್ರಿಕ್ ಆಮ್ಲ 10 ಮಿ.ಲೀ. ಹಾಕಿ, 80 ಡಿಗ್ರಿಯಲ್ಲಿ ಎರಡನ್ನೂ ಕರಗಿಸಿ. ದ್ರಾವಣ ನೀರಿನಷ್ಟು ತಿಳಿಯಾಗಬೇಕು. ಹಾಲಿನಂತೆ ಮಬ್ಬಿದ್ದರೆ ಇನ್ನೂ ಕರಗಿಲ್ಲವೆಂದೇ ಅರ್ಥ, ನಾಲ್ಕು ಹನಿ ಆಮ್ಲ ಸೇರಿಸಿ ಕಾಯಿರಿ. ಆಮೇಲೆ ಪಾಕದ ಹದಕ್ಕೆ ಬತ್ತಿಸಿ, ನೀರು ಹಾಕಿ ಮತ್ತೊಮ್ಮೆ ಬತ್ತಿಸಿ. ಉಳಿದ ಆಮ್ಲ ಹೋಗದಿದ್ದರೆ ಮುಂದಿನ ಯೂರಿಯಾ ಲೆಕ್ಕ ಕೆಡುತ್ತದೆ. ನೀರು ಬಟ್ಟಿ ಇಳಿಸಿದ್ದೇ ಇರಲಿ, ಗದಗಿನ ಬೋರ್‌ವೆಲ್ಲಿನ ಗಡಸು ನೀರು ಇದಕ್ಕೆ ಆಗದು. ಕಬ್ಬಿಣದ ಚಮಚವೂ ಬೇಡ: ಕಬ್ಬಿಣ ತುಸು ಬೆರೆತರೂ ಬೆಳಕನ್ನು ನುಂಗುತ್ತದೆ.

ಇನ್ನು ಯೂರಿಯಾ. ಲೋಹದ ಒಂದು ಮೋಲಿಗೆ ಎರಡೂವರೆ ಮೋಲ್, ಅಂದರೆ ನಮ್ಮ ಅಳತೆಗೆ 3.00 ಗ್ರಾಂ. ಗೊಬ್ಬರದ ಅಂಗಡಿಯದು ನಡೆಯದು; ಅದು ಬೇವು ಲೇಪಿತ. ಪ್ರಯೋಗಾಲಯದ ದರ್ಜೆಯದನ್ನೇ ತನ್ನಿ. 15 ಮಿ.ಲೀ. ನೀರಿನಲ್ಲಿ ಎಲ್ಲವನ್ನೂ ಕಲಸಿ, 500 ಡಿಗ್ರಿಗೆ ಕಾದಿರುವ ಮಫಲ್ ಫರ್ನೇಸಿನೊಳಗೆ (ಪ್ರಯೋಗಾಲಯದ ಮುಚ್ಚಿದ ಕುಲುಮೆ) ಬಟ್ಟಲು ಇಡಿ. ಕುದಿಯುತ್ತದೆ, ನೊರೆ ಏಳುತ್ತದೆ, ಕಂದು ಹೊಗೆ ಬರುತ್ತದೆ, ಕೆಲವೇ ನಿಮಿಷಗಳಲ್ಲಿ ಹೊತ್ತಿ ಉರಿದು ಬತ್ತಾಸಿನಂಥ ಹಗುರ ಬಿಳಿ ಮುದ್ದೆ ಉಳಿಯುತ್ತದೆ. ಆ ಹೊಗೆ ವಿಷ. ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದ ಕಡೆ, ಮನೆಯಲ್ಲಂತೂ, ಈ ಕೆಲಸಕ್ಕೆ ಕೈ ಹಾಕಬೇಡಿ. ಅಳತೆಯನ್ನು ಒಮ್ಮೆಗೇ ಹತ್ತು ಪಟ್ಟು ಮಾಡುವುದೂ ಬೇಡ. ಉರಿ ನೋಡಲು ಚಂದ, ಆದರೆ ಹೊಳಪು ನಿಂತಿರುವುದು ಅದರ ಹಿಂದಿನ ತೂಕ ಮತ್ತು ಮುಂದಿನ ಕಾಯಿಸುವಿಕೆಯ ಮೇಲೆ.

ಮುದ್ದೆಯನ್ನು ಅಗೇಟ್ ಕಲ್ಲಿನ ಖಲಬತ್ತಿನಲ್ಲಿ ಮೆಲ್ಲಗೆ ಪುಡಿ ಮಾಡಿ, ಅಲ್ಯುಮಿನಾ ಮೂಸೆಯಲ್ಲಿ 1000 ಡಿಗ್ರಿಗೆ ಎರಡು ತಾಸು ಕಾಯಿಸಿ. ಬೂದು ಬಣ್ಣ ಕಂಡರೆ ಇಂಗಾಲ ಉಳಿದಿದೆ. ಬಹುತೇಕ ಯೂರಿಯಾ ಹೆಚ್ಚಾಗಿರುತ್ತದೆ. ಕಾಯಿಸಿದ ಮೇಲೆ ಜೋರಾಗಿ ಅರೆಯಬೇಡಿ, ಕಣದ ಮೈಗೆ ಪೆಟ್ಟಾಗಿ ಹೊಳಪು ಇಳಿಯುತ್ತದೆ.

ಸ್ಫಟಿಕ ರಚನೆ ನೋಡುವ ಎಕ್ಸ್-ರೇ ವಿವರ್ತನೆಯಲ್ಲಿ, ತಾಮ್ರದ ಕಿರಣಕ್ಕೆ, 2θ (ಕಿರಣ ತಿರುಗುವ ಕೋನ) ಸುಮಾರು 29.2, 33.8, 48.5, 57.6 ಡಿಗ್ರಿಗಳಲ್ಲಿ ಶೃಂಗಗಳಿರಬೇಕು. ಮೊದಲನೆಯದೇ ಎಲ್ಲಕ್ಕಿಂತ ಎತ್ತರ. ಯುರೋಪಿಯಂ ಅಯಾನು ತುಸು ದೊಡ್ಡದು, ಹಾಗಾಗಿ ಶೃಂಗಗಳು ಕೂದಲೆಳೆಯಷ್ಟು ಕಡಿಮೆ ಕೋನಕ್ಕೆ ಸರಿಯುತ್ತವೆ. ಮೊದಲ ಶೃಂಗದ ಅರ್ಧ ಎತ್ತರದಲ್ಲಿ ಅಗಲ 0.30 ಡಿಗ್ರಿ ಇದ್ದರೆ ಶೆರರ್ ಸೂತ್ರದಿಂದ ಸ್ಫಟಿಕದ ಗಾತ್ರ 27 ನ್ಯಾನೋಮೀಟರ್ ಬರುತ್ತದೆ. ಯಂತ್ರದ್ದೇ ಅಗಲವನ್ನು ಮೊದಲು ಕಳೆಯಬೇಕು. ಕಳೆಯದೆ ಬರೆದ ಪ್ರಬಂಧಗಳಿಗೆ ಬರವಿಲ್ಲ.

ಬೆಳಕಿನ ಪರೀಕ್ಷೆಯಲ್ಲಿ 254 ನ್ಯಾನೋಮೀಟರ್ ಕಿರಣದಿಂದ ಪ್ರಚೋದಿಸಿದರೆ 611–613 ನ್ಯಾನೋಮೀಟರ್ ಸುಮಾರಿಗೆ ಚೂಪಾದ ಕೆಂಪು ಶೃಂಗ ಏಳುತ್ತದೆ. 508ರಲ್ಲಿ ಇನ್ನೊಂದು ಶೃಂಗ ಕಂಡು ಹೊಸ ಶೋಧವೆಂದು ಹಿಗ್ಗಬೇಡಿ. ಅದು 254ರ ದುಪ್ಪಟ್ಟು, ಯಂತ್ರದಲ್ಲಿ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗಿನ ಎರಡನೇ ಕ್ರಮದ ಆಟ. ಹೊರಸೂಸುವ ಕಡೆ 350ರ ಕೆಳಗಿನದನ್ನು ತಡೆಯುವ ಫಿಲ್ಟರ್ ಇಟ್ಟರೆ ಮಾಯ. ಶೇ 1, 3, 5, 7, 9ರ ಮಾದರಿಗಳನ್ನು ಹೋಲಿಸುವಾಗ ಪುಡಿಯ ತೂಕ, ಒತ್ತಿದ ಬಗೆ, ಯಂತ್ರದ ಸ್ಲಿಟ್ (ಬೆಳಕು ಹಾಯುವ ಸೀಳು) ಎಲ್ಲವೂ ಒಂದೇ ಇರಲಿ. ಯುರೋಪಿಯಂ ಮಿತಿ ಮೀರಿದರೆ ಪಕ್ಕದ ಅಯಾನುಗಳು ಶಕ್ತಿಯನ್ನು ಕೈಯಿಂದ ಕೈಗೆ ದಾಟಿಸಿ ದೋಷವಿರುವಲ್ಲಿ ಕಳೆದುಬಿಡುತ್ತವೆ, ಹೊಳಪು ಕುಸಿಯುತ್ತದೆ.

ನೋಟು ಪರೀಕ್ಷಿಸುವ ದೀಪ ಹಿಡಿದು ‘ಪುಡಿ ಹೊಳೀವಲ್ದು’ ಎಂದು ಎಸೆಯಬೇಡಿ. ಅದು ಸಾಮಾನ್ಯವಾಗಿ 365ರ ದೀಪ, ಈ ಪುಡಿ ಅದನ್ನು ಹೀರುವುದು ತೀರ ಕಡಿಮೆ. ರಸಾಯನಶಾಸ್ತ್ರ ವಿಭಾಗದ 254ರ ದೀಪ ಕೇಳಿ ಪಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ನೀಲಿ ಎಲ್‌ಇಡಿ ಮೇಲೆ ಬಳಿಯಲೂ ಇದು ಹೊಂದದು. ಅಲ್ಲಿಗೆ ಸೀರಿಯಂ ಬೆರೆತ ಯಿಟ್ರಿಯಂ ಅಲ್ಯುಮಿನಿಯಂ ಗಾರ್ನೆಟ್ ಬೇಕು. ಯೂರಿಯಾದ ಎರಡೂವರೆ ಪಟ್ಟು ಲೆಕ್ಕ ಅದೇ, ಕೊನೆಯ ಕಾಯಿಸುವಿಕೆ ಮಾತ್ರ ಶೇ 5 ಹೈಡ್ರೋಜನ್ ಬೆರೆತ ಸಾರಜನಕದಲ್ಲಿ.