ಜರ್ಮನಿಯ ಫ್ಯಾಕ್ಟರಿಯಲ್ಲಿ ರೇಡಿಯೋ ಕೂರಿಸುವ ಮುಂಚೆ

ಪೀಣ್ಯದಲ್ಲಿ ಕೆಲಸ ಕಲಿತವರಿಗೆ ಫ್ಯಾಕ್ಟರಿಯ ಯಂತ್ರಗಳು ತಂತಿಯಿಲ್ಲದೆ ಡೇಟಾ ಕಳಿಸುವ ವೈರ್‌ಲೆಸ್ ಲಿಂಕ್ ಹಾಕುವುದು ಅರ್ಧ ದಿನದ ಕೆಲಸ. ಒಂದು ಏಣಿ, ಎರಡು ರೇಡಿಯೋ, ಎರಡು ಆಂಟೆನಾ, ಒಂದಷ್ಟು ಕೇಬಲ್ ಟೈ, ಜೇಬಲ್ಲಿ ಟೆಸ್ಟರ್. ಒಬ್ಬ ಮೇಲೆ ಹತ್ತುತ್ತಾನೆ. ಇನ್ನೊಬ್ಬ ಲ್ಯಾಪ್‌ಟಾಪ್ ಹಿಡಿದು ಕೆಳಗೆ ನಿಂತು "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ" ಅಂತ ಕೂಗುತ್ತಾನೆ. ಸಿಗ್ನಲ್ ಬಂತಾ? ಬಂತು. ನಡಿ, ಟೀ ಕುಡಿಯೋಣ.

ಜರ್ಮನಿಗೆ ಬಂದ ಹೊಸದರಲ್ಲಿ ನಾನೂ ಹಾಗೇ ಹೊರಟಿದ್ದೆ. ಏಣಿ ಮುಟ್ಟುವ ಮುಂಚೆ ಆ ಫ್ಯಾಕ್ಟರಿಯ ಸುರಕ್ಷತೆ ನೋಡಿಕೊಳ್ಳುವವರು ಬಂದು ನಾಲ್ಕು ಪ್ರಶ್ನೆ ಕೇಳಿದರು. ಈ ಫ್ರೀಕ್ವೆನ್ಸಿ ಯಾವ ನಿಯಮದ ಕೆಳಗೆ ಬರುತ್ತದೆ? ಪ್ಯಾನೆಲ್ ತೆರೆಯುವವರು ಯಾರು? ಛಾವಣಿ ಹತ್ತುವವರಿಗೆ ತರಬೇತಿ ಆಗಿದೆಯಾ? ಆಂಟೆನಾ ಬರುವ ಜಾಗ ಸ್ಫೋಟದ ಅಪಾಯವಿರುವ ವಲಯದಲ್ಲಿದೆಯಾ? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಗ್ನಲ್ ಎಷ್ಟು ಬರುತ್ತದೆ ಅನ್ನೋದು ಮಾತ್ರ ಬಾಯಿಪಾಠವಾಗಿತ್ತು. ಅದನ್ನು ಅವರು ಕೇಳಲೇ ಇಲ್ಲ.

ನಮ್ಮಲ್ಲಿ ಇಬ್ಬರೇ ಮುಗಿಸುವ ಈ ಕೆಲಸವನ್ನು ಇಲ್ಲಿ ನಾಲ್ಕು ಜನರ ಜವಾಬ್ದಾರಿಯಾಗಿ ಹಂಚಿದ್ದಾರೆ. ಯಾವ ತುಂಡು ಯಾರದು ಅಂತ ಮೊದಲೇ ಗೊತ್ತಿದ್ದರೆ ಸೈಟಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬರುವುದು ತಪ್ಪುತ್ತದೆ.

ಗಾಳಿಯ ಲೆಕ್ಕ

ಫ್ರೀಕ್ವೆನ್ಸಿ ನೋಡಿಕೊಳ್ಳುವುದು ಬುಂಡೆಸ್‌ನೆಟ್ಸ್‌ಅಗೆಂಟೂರ್ ಅನ್ನುವ ಸರ್ಕಾರಿ ಏಜೆನ್ಸಿ. ಮುಖ್ಯ ಕಚೇರಿ ಬಾನ್ ನಗರದಲ್ಲಿದೆ. ಫ್ಯಾಕ್ಟರಿಗಳಲ್ಲಿ ಬಳಸುವ ಬಹುತೇಕ ರೇಡಿಯೋಗಳಿಗೆ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ. 'ಅಲ್‌ಗೆಮೈನ್‌ಸುಟೈಲುಂಗ್' ಅಂತ ಒಂದು ಸಾಮಾನ್ಯ ಅನುಮತಿ ಇರುತ್ತದೆ. ಅದರ ಮಿತಿಯೊಳಗೆ ಇದ್ದರೆ ಯಾರು ಬೇಕಾದರೂ ಬಳಸಬಹುದು. ಹಾಗಾಗಿ ನೀವು ಓದಬೇಕಾದದ್ದು ಆ ಮಿತಿಗಳನ್ನೇ.

ನಮ್ಮವರು ಎಡವುವುದು ಇಲ್ಲೇ. ಭಾರತದಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ ಆಂಟೆನಾದಿಂದ ಹೊರಡುವ ಪವರ್, ಅಂದರೆ ಇಐಆರ್‌ಪಿ, 4 ವ್ಯಾಟ್‌ವರೆಗೆ ಇರಬಹುದು. ಜರ್ಮನಿಯಲ್ಲಿ 100 ಮಿಲಿವ್ಯಾಟ್. ನಲವತ್ತರಲ್ಲಿ ಒಂದು ಪಾಲು! ಬೆಂಗಳೂರಿನ ಸೈಟಿನ ಕಾನ್ಫಿಗ್ ಫೈಲನ್ನು ಇಲ್ಲಿ ಹಾಗೇ ಲೋಡ್ ಮಾಡಿದರೆ ಲಿಂಕ್ ಚೆನ್ನಾಗಿಯೇ ಓಡುತ್ತದೆ. ಆದರೆ ಕಾನೂನಿನ ಹೊರಗೆ ಓಡುತ್ತದೆ.

ಲೆಕ್ಕ ಕಷ್ಟವೇನಲ್ಲ. ರೇಡಿಯೋ ಪವರ್‌ಗೆ ಆಂಟೆನಾ ಗೇನ್ (ಸಿಗ್ನಲನ್ನು ಒಂದೇ ದಿಕ್ಕಿಗೆ ಕೂಡಿಸುವುದರಿಂದ ಸಿಗುವ ಹೆಚ್ಚಳ) ಕೂಡಿಸಿ, ಕೇಬಲ್ ನಷ್ಟ ಕಳೆಯಿರಿ. ಇವನ್ನೆಲ್ಲ ಡಿಬಿ ಅನ್ನುವ ಅಳತೆಯಲ್ಲಿ ಬರೆಯುತ್ತಾರೆ. ರೇಡಿಯೋ 20 ಡಿಬಿಎಂ, ಆಂಟೆನಾ 9 ಡಿಬಿಐ, ಕೇಬಲ್ ನಷ್ಟ 3 ಡಿಬಿ ಅಂದುಕೊಳ್ಳಿ. ಒಟ್ಟು 26 ಡಿಬಿಎಂ, ಸುಮಾರು 400 ಮಿಲಿವ್ಯಾಟ್. ಮಿತಿ 20 ಡಿಬಿಎಂ, ಅದೇ 100 ಮಿಲಿವ್ಯಾಟ್. ಅಂದರೆ ರೇಡಿಯೋವನ್ನು 14ಕ್ಕೆ ಇಳಿಸಬೇಕು. "ಹಾಗಾದರೆ ದೊಡ್ಡ ಆಂಟೆನಾ ಯಾಕೆ?" ಅಂತ ಕೇಳಬಹುದು. ದೊಡ್ಡ ಆಂಟೆನಾ ಕೇಳಿಸಿಕೊಳ್ಳುವುದಕ್ಕೂ ಒಳ್ಳೆಯದು, ಅಕ್ಕಪಕ್ಕದ ಗಲಾಟೆಯನ್ನೂ ದೂರ ಇಡುತ್ತದೆ. ಪವರ್ ಇಳಿಸಿ ಗೇನ್ ಏರಿಸುವುದು ಇಲ್ಲಿನ ಒಳ್ಳೆಯ ಇನ್‌ಸ್ಟಾಲರ್‌ಗಳ ಅಭ್ಯಾಸ. ಸಾಫ್ಟ್‌ವೇರಿನಲ್ಲಿ ದೇಶ 'ಜರ್ಮನಿ' ಅಂತ ಆರಿಸಿ, ಆಂಟೆನಾ ಗೇನ್ ಮತ್ತು ಕೇಬಲ್ ನಷ್ಟವನ್ನು ನಿಜವಾಗಿ ತುಂಬಿದರೆ ಎಷ್ಟೋ ರೇಡಿಯೋಗಳು ಈ ಲೆಕ್ಕವನ್ನು ತಾವೇ ಮಾಡಿಕೊಳ್ಳುತ್ತವೆ. ಗೇನ್ ಜಾಗದಲ್ಲಿ ಸೊನ್ನೆ ಬಿಟ್ಟು ಬರುವವರೇ ಜಾಸ್ತಿ.

ಕಡಿಮೆ ಡೇಟಾ, ಜಾಸ್ತಿ ದೂರ ಬೇಕಿದ್ದರೆ 868 ಮೆಗಾಹರ್ಟ್ಸ್. ಇಲ್ಲಿ ಪವರ್ ಜೊತೆ ಸಮಯಕ್ಕೂ ಮಿತಿ ಇದೆ. 868.0ರಿಂದ 868.6ರ ನಡುವೆ 25 ಮಿಲಿವ್ಯಾಟ್, ಡ್ಯೂಟಿ ಸೈಕಲ್ ಶೇ. 1. ಅಂದರೆ ಗಂಟೆಗೆ 36 ಸೆಕೆಂಡ್ ಮಾತಾಡಬಹುದು, ಉಳಿದ ಹೊತ್ತು ಬಾಯಿ ಮುಚ್ಚಿಕೊಂಡಿರಬೇಕು. 869.4ರಿಂದ 869.65ರವರೆಗಿನ ಸಣ್ಣ ಪಟ್ಟಿಯಲ್ಲಿ 500 ಮಿಲಿವ್ಯಾಟ್, ಶೇ. 10 ಸಮಯ. ನೀರಿನ ಟ್ಯಾಂಕ್ ಮಟ್ಟ, ಪಂಪ್ ಆನ್-ಆಫ್, ಇಂಥದ್ದಕ್ಕೆ ಇದು ಧಾರಾಳ ಸಾಕು. ಪಿಎಲ್‌ಸಿಯನ್ನು, ಅಂದರೆ ಯಂತ್ರ ನಡೆಸುವ ಕಂಪ್ಯೂಟರನ್ನು, ಪ್ರತಿ ಸೆಕೆಂಡಿಗೂ ಕೇಳುವ ಹಾಗೆ ಇಟ್ಟರೆ ಮಾತ್ರ ರೇಡಿಯೋ ನಡುನಡುವೆ ಸುಮ್ಮನಾಗಿಬಿಡುತ್ತದೆ. ಆಗ "ರೇಡಿಯೋ ಕೆಟ್ಟಿದೆ" ಅಂತ ಬದಲಾಯಿಸಲು ಹೋಗಬೇಡಿ. ಪೋಲಿಂಗ್ ಸಮಯ, ಅಂದರೆ ಒಂದು ಸಲ ಕೇಳಿ ಮತ್ತೆ ಕೇಳುವ ನಡುವಿನ ಅಂತರ, ಉದ್ದ ಮಾಡಿ.

ಅಮೆರಿಕದ ಸೈಟಿನಿಂದ ಉಳಿದ 900 ಮೆಗಾಹರ್ಟ್ಸ್ ರೇಡಿಯೋ ಇದೆ, ತರಲಾ ಅಂತ ಕೆಲವರು ಕೇಳುತ್ತಾರೆ. ಬೇಡ. ಅಲ್ಲಿ 902ರಿಂದ 928 ಮುಕ್ತ. ಯುರೋಪಿನಲ್ಲಿ 915ರವರೆಗಿನ ಭಾಗ ಮೊಬೈಲ್ ಫೋನ್‌ಗಳು ಟವರ್‌ಗೆ ಮಾತಾಡುವ ದಾರಿ. ಆ ರೇಡಿಯೋ ಆನ್ ಮಾಡಿದರೆ ಊರಿನ ಮೊಬೈಲ್ ನೆಟ್‌ವರ್ಕ್‌ಗೇ ಕಲ್ಲು ಹಾಕಿದ ಹಾಗೆ. ಏಜೆನ್ಸಿಗೆ ದೂರು ಹೋದರೆ ಅವರ ಅಳತೆ ವಾಹನ ಬಂದು ಮೂಲ ಹುಡುಕುತ್ತದೆ. ಫೀನಿಕ್ಸ್ ಕಾಂಟ್ಯಾಕ್ಟ್ ಕಂಪನಿಯ ರೇಡಿಯೋಲೈನ್‌ನಂಥ ಸರಣಿಗಳು 868 ಮತ್ತು 900 ಅಂತ ಬೇರೆ ಬೇರೆ ಮಾದರಿಯಾಗಿ ಬರುವುದು ಇದಕ್ಕೇ. ನೋಡಲು ಎರಡೂ ಒಂದೇ ಥರ. ಲೇಬಲ್ ಓದಿ.

5 ಗಿಗಾಹರ್ಟ್ಸ್‌ನಲ್ಲಿ 5150ರಿಂದ 5350 ಮೆಗಾಹರ್ಟ್ಸ್ ಒಳಾಂಗಣಕ್ಕೆ. ಹೊರಗೆ ಬಳಸುವುದಾದರೆ 5470ರಿಂದ 5725, ಅದೂ ರೇಡಾರ್‌ಗೆ ದಾರಿ ಬಿಡುವ ಡಿಎಫ್‌ಎಸ್ ಆನ್ ಇರಲೇಬೇಕು. ಜರ್ಮನ್ ಹವಾಮಾನ ಇಲಾಖೆಯ 17 ಮಳೆ ರೇಡಾರ್‌ಗಳು ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ರೇಡಾರ್ ಕೇಳಿಸಿದರೆ ನಿಮ್ಮ ರೇಡಿಯೋ ಜಾಗ ಬಿಟ್ಟು ಕದಲುತ್ತದೆ. ಓಡಾಡುವ ಯಂತ್ರಗಳಿಗೆ ಇಂಥ ಚಾನೆಲ್ ಕೊಡಬೇಡಿ.

ದೊಡ್ಡ ಫ್ಯಾಕ್ಟರಿಗಳಿಗೆ ಇನ್ನೊಂದು ದಾರಿ ಇದೆ. 2019ರ ನವೆಂಬರ್‌ನಿಂದ 3700–3800 ಮೆಗಾಹರ್ಟ್ಸ್ ಪಟ್ಟಿಯನ್ನು ತಮ್ಮ ಜಾಗದ ಮಟ್ಟಿಗೆ ಕಂಪನಿಗಳೇ ಅರ್ಜಿ ಹಾಕಿ ಪಡೆಯಬಹುದು. ಶುಲ್ಕದ ಸೂತ್ರ ಬಹಿರಂಗವಾಗಿದೆ. 100 ಮೆಗಾಹರ್ಟ್ಸ್, 10 ವರ್ಷ, ಕಟ್ಟಡಗಳಿರುವ 1 ಚದರ ಕಿಲೋಮೀಟರ್ ಜಾಗಕ್ಕೆ 31,000 ಯೂರೋ. ಒಂದು ಕಂಪನಿಗೆ ಇದು ದುಬಾರಿಯೇನಲ್ಲ.

ಇನ್ನು ಸೂಟ್‌ಕೇಸಿನಲ್ಲಿ ರೇಡಿಯೋ ತರುವ ವಿಷಯ. ಭಾರತದಲ್ಲಿ ರೇಡಿಯೋಗಳಿಗೆ ಒಪ್ಪಿಗೆ ಕೊಡುವ ದೆಹಲಿಯ ಡಬ್ಲ್ಯೂಪಿಸಿ ಹೂಂ ಅಂದಿದ್ದರೂ ಇಲ್ಲಿ ಅದಕ್ಕೆ ಬೆಲೆಯಿಲ್ಲ. ಯುರೋಪಿನ ನಿಯಮ ಪಾಲಿಸಿದೆ ಅನ್ನುವ ಸಿಇ ಗುರುತು, ಯುರೋಪಿನ ರೇಡಿಯೋ ನಿರ್ದೇಶನದ ಪ್ರಕಾರದ ಘೋಷಣಾ ಪತ್ರ, ಜರ್ಮನ್ ಭಾಷೆಯ ಕೈಪಿಡಿ, ಇಷ್ಟೂ ಬೇಕು. 2025ರ ಆಗಸ್ಟ್ 1ರಿಂದ ಇಂಟರ್ನೆಟ್‌ಗೆ ಸೇರುವ ರೇಡಿಯೋಗಳಿಗೆ ಸೈಬರ್ ಸುರಕ್ಷತೆಯ ಷರತ್ತುಗಳೂ ಸೇರಿವೆ. ಗೋದಾಮಿನಲ್ಲಿ ಹಳೇ ಸರಕು ಬಿದ್ದಿದ್ದರೆ ಏನಾದರೂ ಮಾಡುವ ಮುಂಚೆ ತಯಾರಕರನ್ನು ಕೇಳಿ.

ಪ್ಯಾನೆಲ್ ತೆರೆಯುವವರು

ರೇಡಿಯೋಗೆ ಬರುವುದು 24 ವೋಲ್ಟ್ ಡಿಸಿ. ಅದರಿಂದ ಭಯವಿಲ್ಲ. ಆದರೆ ಅದೇ ಪ್ಯಾನೆಲ್ಲಿನಲ್ಲಿ ಪಕ್ಕದಲ್ಲೇ 400 ವೋಲ್ಟ್ ಕೂತಿರುತ್ತದೆ. ಹಾಗಾಗಿ ಬಾಗಿಲು ತೆರೆದು ಒಳಗೆ ಕೈಹಾಕುವುದು 'ಎಲೆಕ್ಟ್ರೋಫಾಖ್‌ಕ್ರಾಫ್ಟ್', ಅಂದರೆ ವಿದ್ಯುತ್ ಕೆಲಸದ ತಜ್ಞರು, ಅನ್ನಿಸಿಕೊಂಡವರ ಕೆಲಸ.

ಇದು ನಮ್ಮವರಿಗೆ ಸ್ವಲ್ಪ ಮನಸ್ಸಿಗೆ ನಾಟುವ ವಿಷಯ. ಬಿ.ಇ. ಎಲೆಕ್ಟ್ರಿಕಲ್ ಮಾಡಿ, ಹತ್ತು ವರ್ಷ ಕೆಲಸ ಮಾಡಿ ಬಂದವರನ್ನೂ "ನೀವು ಮುಟ್ಟಬೇಡಿ" ಅಂತ ತಡೆಯುತ್ತಾರೆ. ಅವಮಾನ ಅಂದುಕೊಳ್ಳಬೇಡಿ. ಡಿಗ್ರಿ ಒಂದರಿಂದಲೇ ಈ ಸ್ಥಾನ ಬರುವುದಿಲ್ಲ. ತರಬೇತಿ, ಅನುಭವ, ಇಲ್ಲಿನ ನಿಯಮಗಳ ತಿಳಿವಳಿಕೆ ಮೂರನ್ನೂ ನೋಡಿ, ಇಂಥ ಕೆಲಸಕ್ಕೆ ಇವರು ಯೋಗ್ಯರು ಅಂತ ಕಂಪನಿಯೇ ತೀರ್ಮಾನಿಸಬೇಕು. ಬರಹದಲ್ಲಿ ಪಡೆಯಿರಿ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಗೊತ್ತುಪಡಿಸಿದ ಸಣ್ಣ ಕೆಲಸಗಳಿಗೆ ಮಾತ್ರ ತಿಳಿವಳಿಕೆ ಪಡೆದ 'ಇಯುಪಿ' ಅನ್ನುವ ವರ್ಗವೂ ಇದೆ. ಹೊಸದಾಗಿ ಬಂದವರಿಗೆ ಅಲ್ಲಿಂದ ಶುರುಮಾಡುವುದು ಸಲೀಸು.

ಇಲ್ಲಿನ ಅಪ್ರೆಂಟಿಸ್ ಹುಡುಗನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಐದು ನಿಯಮ ಹೇಳುತ್ತಾನೆ. ಸಪ್ಲೈ ಪೂರ್ತಿ ಬೇರ್ಪಡಿಸು. ಮತ್ತೆ ಯಾರೂ ಆನ್ ಮಾಡದಂತೆ ಬೀಗ ಹಾಕು. ವೋಲ್ಟೇಜ್ ಇಲ್ಲ ಅಂತ ಅಳೆದು ನೋಡು. ಅರ್ಥ್ ಮಾಡಿ ಶಾರ್ಟ್ ಮಾಡು. ಪಕ್ಕದಲ್ಲಿ ಕರೆಂಟ್ ಇರುವ ಭಾಗಗಳನ್ನು ಮುಚ್ಚು. ಈ ಕ್ರಮ ಬದಲಾಯಿಸುವಂತಿಲ್ಲ.

ಮೂರನೆಯದಕ್ಕೆ ನಿಮ್ಮ ಜೇಬಿನ ಟೆಸ್ಟರ್ ತೆಗೆಯಬೇಡಿ. ಅದೇ, ತುದಿಯಲ್ಲಿ ಬಲ್ಬ್ ಹೊಳೆಯುವ ಸ್ಕ್ರೂಡ್ರೈವರ್. ಇಲ್ಲಿನ ಎಲೆಕ್ಟ್ರಿಷಿಯನ್‌ಗಳು ಅದಕ್ಕೆ 'ಲ್ಯೂಗನ್‌ಷ್ಟಿಫ್ಟ್' ಅನ್ನುತ್ತಾರೆ, ಸುಳ್ಳು ಹೇಳುವ ಕಡ್ಡಿ ಅಂತ. ಒಣ ರಬ್ಬರ್ ಶೂ ಹಾಕಿ ನಿಂತರೆ ಲೈನ್ ಜೀವಂತವಿದ್ದರೂ ಅದು ಹೊಳೆಯದೇ ಇರಬಹುದು. ಎರಡು ಕಡ್ಡಿಯ ವೋಲ್ಟೇಜ್ ಟೆಸ್ಟರ್ ಬೇಕು. ಅದನ್ನೂ ಬಳಸುವ ಮುಂಚೆ ಮತ್ತು ನಂತರ, ಕರೆಂಟ್ ಇದೆ ಅಂತ ಗೊತ್ತಿರುವ ಜಾಗದಲ್ಲಿ ಪರೀಕ್ಷಿಸಿಕೊಳ್ಳಬೇಕು.

ಛಾವಣಿಯ ಮೇಲೆ

ಯಾವುದೇ ಕೆಲಸಕ್ಕೆ ಮೊದಲು ಅಪಾಯಗಳ ಲಿಖಿತ ಅಂದಾಜು, ಆಮೇಲೆ ಕೆಲಸಗಾರರಿಗೆ 'ಉಂಟರ್‌ವೈಸುಂಗ್' ಅನ್ನುವ ತಿಳಿವಳಿಕೆ. ಇದು ವರ್ಷಕ್ಕೊಮ್ಮೆಯಾದರೂ ಆಗಬೇಕು, ಸಹಿ ಹಾಕಬೇಕು. ಜರ್ಮನ್ ಅರ್ಥವಾಗದಿದ್ದರೆ ಸುಮ್ನೆ ಸಹಿ ಹಾಕಬೇಡಿ. ಅರ್ಥವಾಗುವ ಭಾಷೆಯಲ್ಲಿ ಹೇಳಿ ಅಂತ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಸೊಂಟ ಭುಜಕ್ಕೆ ಕಟ್ಟುವ ಹಾರ್ನೆಸ್ ಕೊಟ್ಟರೆ ಸಾಲದು, ಅದನ್ನು ಹಾಕಿಕೊಂಡು ಅಭ್ಯಾಸ ಮಾಡಿದ ತರಬೇತಿ ಆಗಿರಬೇಕು. ಹಾರ್ನೆಸ್‌ಗೂ ವರ್ಷಕ್ಕೊಮ್ಮೆ ತಪಾಸಣೆ ಇದೆ. ಅದರ ಪಟ್ಟಿ ತಿರುಗಿಸಿ ದಿನಾಂಕ ನೋಡಿ. ಒಬ್ಬರೇ ಹತ್ತುವಂತಿಲ್ಲ. ಬಿದ್ದು ಹಗ್ಗದಲ್ಲಿ ನೇತಾಡುವವರನ್ನು ನಿಮಿಷಗಳಲ್ಲಿ ಇಳಿಸದಿದ್ದರೆ ಕಾಲಿನಲ್ಲಿ ರಕ್ತ ನಿಂತು ಪ್ರಾಣಕ್ಕೇ ಕುತ್ತು. 112ಕ್ಕೆ ಫೋನ್ ಮಾಡಿ ಕಾಯುವುದು ಯೋಜನೆಯಲ್ಲ. ಇಳಿಸುವವರು ಯಾರು, ಹೇಗೆ ಅಂತ ಮೊದಲೇ ಬರೆದಿಟ್ಟಿರಬೇಕು.

ಛಾವಣಿಯಲ್ಲಿ ಮೊಬೈಲ್ ಕಂಪನಿಯ ಆಂಟೆನಾಗಳಿದ್ದರೆ ನಿಲ್ಲಿ. ಒಂದು ಜಾಗದಲ್ಲಿ ಒಟ್ಟು 10 ವ್ಯಾಟ್ ಇಐಆರ್‌ಪಿ ತಲುಪಿದರೆ ಏಜೆನ್ಸಿಯ ಸ್ಥಳ ಪ್ರಮಾಣಪತ್ರ, 'ಷ್ಟಾಂಡ್‌ಒರ್ಟ್‌ಬೆಷೈನಿಗುಂಗ್', ಬೇಕು. ನಿಮ್ಮ 100 ಮಿಲಿವ್ಯಾಟ್ ರೇಡಿಯೋ ಪಾಪದ್ದು. ಅದನ್ನು ಕೂರಿಸಲು ನೀವು ಆ ದೊಡ್ಡ ಆಂಟೆನಾಗಳ ಮುಂದೆ ನಿಲ್ಲಬೇಕಾಗುತ್ತದಲ್ಲ, ಅದು ಅಪಾಯ. ಸುರಕ್ಷಿತ ದೂರ ಎಷ್ಟು, ಎಷ್ಟು ಹೊತ್ತು ಪವರ್ ಇಳಿಸುತ್ತಾರೆ ಅಂತ ಅದರ ಒಡೆಯರನ್ನು ಕೇಳಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಈ ಕೆಲಸ ಬೇಡ.

ಸಿಡಿಲಿನ ವಿಷಯದಲ್ಲಿ ಸ್ವಂತ ಬುದ್ಧಿ ಓಡಿಸಬೇಡಿ. ಕಟ್ಟಡಕ್ಕೆ ಸಿಡಿಲು ರಕ್ಷಣೆ ಇದ್ದರೆ "ಕಂಬಿ ಇದೆಯಲ್ಲ" ಅಂತ ಆಂಟೆನಾವನ್ನು ಅದಕ್ಕೇ ಬಿಗಿದರೆ, ಸಿಡಿಲನ್ನು ನೇರ ಪ್ಯಾನೆಲ್ಲಿಗೆ ಕರೆದಂತೆ. ಎರಡರ ನಡುವೆ ಲೆಕ್ಕ ಹಾಕಿದ ಅಂತರ ಇರಬೇಕು. ಆ ಲೆಕ್ಕ ಹಾಕುವ ತಜ್ಞರು ಬೇರೆ. ಮಾಸ್ಟ್ (ಆಂಟೆನಾ ಕಂಬ) ಅರ್ಥಿಂಗ್‌ಗೆ ಸಾಮಾನ್ಯವಾಗಿ 16 ಚದರ ಮಿಲಿಮೀಟರ್ ತಾಮ್ರ, ಆಂಟೆನಾದ ಕೋಆಕ್ಸ್ ಕೇಬಲ್ ಕಟ್ಟಡದೊಳಗೆ ಬರುವಲ್ಲಿ ಏರುವ ವೋಲ್ಟೇಜ್ ತಡೆಯುವ ಸರ್ಜ್ ಅರೆಸ್ಟರ್. ಇದನ್ನು ಬೆಲೆಪಟ್ಟಿಯಲ್ಲೇ ಸೇರಿಸಿ, ಆಮೇಲೆ ಕೇಳಿದರೆ ಕೊಡುವುದಿಲ್ಲ.

ಬಣ್ಣ, ದ್ರಾವಕ, ಗ್ಯಾಸ್, ಹಿಟ್ಟಿನ ಧೂಳು

ಇವು ಇರುವ ಕಡೆ ಕಂಪನಿಯ ಹತ್ತಿರ ಸ್ಫೋಟ ರಕ್ಷಣೆಯ ದಾಖಲೆ ಇರುತ್ತದೆ. ಅದರಲ್ಲಿ ವಲಯಗಳ ನಕ್ಷೆ ಇದೆ. ಗ್ಯಾಸಿಗೆ 0, 1, 2, ಧೂಳಿಗೆ 20, 21, 22. ನಕ್ಷೆ ನೋಡದೆ ಆಂಟೆನಾ ಜಾಗ ಗುರುತು ಮಾಡಬೇಡಿ. ಇಂಥ ಜಾಗಕ್ಕೆ ಅಮೆರಿಕ ಕೊಡುವ 'ಕ್ಲಾಸ್ 1 ಡಿವಿಷನ್ 2' ಮುದ್ರೆ ಇಲ್ಲಿ ನಡೆಯುವುದಿಲ್ಲ, ಯುರೋಪಿನ ಅಟೆಕ್ಸ್ ಗುರುತೇ ಬೇಕು. ರೇಡಿಯೋ ಅಲೆಯೂ ಬೆಂಕಿ ಹೊತ್ತಿಸಬಲ್ಲದು ಅಂತ ಇಲ್ಲಿನ ಮಾನದಂಡ ಒಪ್ಪುತ್ತದೆ. ಗ್ಯಾಸ್‌ಗಳನ್ನು ಗುಂಪು ಮಾಡಿದ್ದಾರೆ. ಹೈಡ್ರೋಜನ್ ಸೇರುವ ಐಐಸಿ ಗುಂಪಿಗೆ ಮಿತಿ 2 ವ್ಯಾಟ್, ಐಐಬಿಗೆ 3.5, ಐಐಎಗೆ 6. ಆಂಟೆನಾ ಗೇನ್ ಸೇರಿಸಿಯೇ ಲೆಕ್ಕ. ಆದರೆ ಸಣ್ಣ ರೇಡಿಯೋಗಳಲ್ಲಿ ಕಿಡಿ ಬರುವುದು ಬೇರೆ ಕಡೆಯಿಂದ. ಪವರ್ ಇರುವಾಗಲೇ ಕನೆಕ್ಟರ್ ಎಳೆಯುವುದು ಒಂದು, ಪ್ಲಾಸ್ಟಿಕ್ ಆಂಟೆನಾವನ್ನು ಒಣಬಟ್ಟೆಯಿಂದ ಒರೆಸುವುದು ಇನ್ನೊಂದು. ಒದ್ದೆ ಬಟ್ಟೆ ಬಳಸಿ.

ಆನ್ ಮಾಡುವ ದಿನ

ಆಂಟೆನಾ ಸಿಕ್ಕಿಸದೆ ಪವರ್ ಕೊಡಬೇಡಿ. ಹೊರಗೆ ಹೋಗಲಾಗದ ಪವರ್ ವಾಪಸ್ ಬಂದು ರೇಡಿಯೋವನ್ನೇ ಸುಡಬಹುದು. ಕೈಪಿಡಿಯಲ್ಲಿ ಜನರಿಂದ 20 ಸೆಂಟಿಮೀಟರ್ ದೂರ ಅಂತ ಬರೆದಿದ್ದರೆ, ಯಾರ ತಲೆಯ ಪಕ್ಕವೂ ಬರದ ಜಾಗ ನೋಡಿ. ರೇಡಿಯೋ ಜೊತೆಗೇ ಬಂದಿರುವ ಪಾಸ್‌ವರ್ಡನ್ನು ಅವತ್ತೇ ಬದಲಾಯಿಸಿ. ಆ ಫ್ಯಾಕ್ಟರಿಯಲ್ಲಿ ಯಾವ ಚಾನೆಲ್ ಯಾವ ಯಂತ್ರದ್ದು ಅಂತ ಪಟ್ಟಿ ಇಟ್ಟವರು ಇರುತ್ತಾರೆ. ಅವರಿಗೆ ಹೇಳದೆ ಚಾನೆಲ್ ಹಿಡಿದರೆ ಇನ್ನೊಂದು ಹಾಲ್‌ನಲ್ಲಿ ತಾನೇ ಓಡುವ ಗಾಡಿ ನಿಂತುಬಿಡಬಹುದು.

ಕೊನೆಗೆ ನನ್ನದೇ ಒಂದು ಪೆಚ್ಚು ಕಥೆ. ಜನವರಿಯಲ್ಲಿ ಎರಡು ಕಟ್ಟಡಗಳ ನಡುವೆ 500 ಮೀಟರ್ ಲಿಂಕ್ ಹಾಕಿದೆ. ನಡುವೆ ಬೋಳು ಮರಗಳು. ಆ ಕಡೆಯ ಆಂಟೆನಾ ಕಣ್ಣಿಗೆ ಕಾಣುತ್ತಿತ್ತು, ಸಿಗ್ನಲ್ ಬೆಣ್ಣೆಯ ಹಾಗಿತ್ತು. ಮೇ ತಿಂಗಳಲ್ಲಿ ಎಲೆ ಬಂತು, ಲಿಂಕ್ ಹೋಯಿತು. 2.4 ಗಿಗಾಹರ್ಟ್ಸ್‌ನಲ್ಲಿ ಆ ದೂರಕ್ಕೆ ನಡುಮಧ್ಯೆ ನೇರ ಗೆರೆಯ ಸುತ್ತ ಸುಮಾರು 4 ಮೀಟರ್ ಅಲೆಯ ಹರವು ಇರುತ್ತದೆ, ಅದರಲ್ಲಿ ಶೇ. 60 ಆದರೂ ಖಾಲಿ ಇರಬೇಕು. ವರ್ಷವಿಡೀ ಹಸಿರಾಗಿರುವ ಊರಿನಿಂದ ಬಂದವನಿಗೆ ಬೋಳು ಮರ ಮತ್ತೆ ಚಿಗುರುತ್ತದೆ ಅನ್ನುವುದು ಹೊಳೆಯಲೇ ಇಲ್ಲ. ಪವರ್ ಏರಿಸೋಣ ಅಂದರೆ 100 ಮಿಲಿವ್ಯಾಟ್ ಮಿತಿ. ಮಾಸ್ಟ್ ಎತ್ತರಿಸಬೇಕಾಯಿತು. ಅಂದರೆ ಮತ್ತೆ ಹಾರ್ನೆಸ್, ಮತ್ತೆ ಅರ್ಥಿಂಗ್, ಮತ್ತೆ ಅವರೇ ಬಂದು ಅದೇ ನಾಲ್ಕು ಪ್ರಶ್ನೆ. ಈ ಸಲ ಉತ್ತರಗಳನ್ನು ಫೈಲಿನಲ್ಲಿಟ್ಟುಕೊಂಡು ಹೋಗಿದ್ದೆ. ಕಾಫಿ ಕೊಡಿಸಿದರು.