ಹತ್ತು ಮಣಿ ಸಾಕು ಅಂತ ಗೊತ್ತಾಗಿದ್ದು

ಹದಿನೇಳನೇ ವಯಸ್ಸಿನಲ್ಲಿ ಒಂದು ಯುವ ಶಿಬಿರ ಮುಗಿಸಿ ಬಂದವನೇ ಟೈಮ್‌ಟೇಬಲ್ ಬರೆದೆ. ಬೆಳಗ್ಗೆ ಚರ್ಚಿನಲ್ಲಿ ಬಲಿಪೂಜೆ (ಮಾಸ್), ಸಂಜೆ ಒಂದು ಇಡೀ ಜಪಸರ (ಹತ್ತು ಮಣಿಯ ಐದು ಸುತ್ತು ಎಣಿಸುತ್ತಾ ಹೇಳುವ ಪ್ರಾರ್ಥನೆ), ರಾತ್ರಿ ಬೈಬಲ್‌ನ ಎರಡು ಅಧ್ಯಾಯ. ಒಂಬತ್ತನೇ ದಿನಕ್ಕೆ ಎಲ್ಲಾ ನಿಂತುಹೋಯಿತು. ನೊವೇನಾ ಅನ್ನೋ ಪ್ರಾರ್ಥನೆ ಕೂಡ ಒಂಬತ್ತೇ ದಿನ ಅಲ್ವಾ! ಈಗ ನಗು ಬರುತ್ತದೆ, ಆಗ ಬರಲಿಲ್ಲ. ನನಗೆ ವಿಶ್ವಾಸವೇ ಇಲ್ಲ ಅಂದುಕೊಂಡೆ. ಎರಡು ವರ್ಷ ಭಾನುವಾರ ಮಾತ್ರ ಬಲಿಪೂಜೆಗೆ ಹೋಗಿ, ಕೊನೆಯ ಬೆಂಚಿನಲ್ಲಿ ಕೂತು, ಬೇಗ ಎದ್ದು ಬರುತ್ತಿದ್ದೆ.

ಮತ್ತೆ ಧೈರ್ಯ ಕೊಟ್ಟಿದ್ದು ಫ್ರಾನ್ಸ್‌ನ ಲಿಸಿಯೂವಿನ ಸಂತ ತೆರೇಸಾ. 1897ರಲ್ಲಿ, ಬರೀ 24ನೇ ವಯಸ್ಸಿಗೆ ತೀರಿಕೊಂಡ ಕಾರ್ಮೆಲ್ ಮಠದ ಸನ್ಯಾಸಿನಿ. ಪ್ರಾರ್ಥನೆಯ ಹೊತ್ತಿನಲ್ಲಿ ತನಗೆ ನಿದ್ದೆ ಬರುತ್ತದೆ, ಒಬ್ಬಳೇ ಜಪಸರ ಹೇಳುವುದು ಬಹಳ ಕಷ್ಟ ಅಂತ ಅವರೇ ಬರೆದುಕೊಂಡಿದ್ದಾರೆ. ಸಂತರಿಗೇ ಹೀಗಾದರೆ ನನ್ನದೇನು ಮಹಾ?

ಹಾಗಾಗಿ ಕಡಿಮೆ ಮಾಡಿದೆ. ದಿನಕ್ಕೆ ಹತ್ತು ಮಣಿ, ನಡೆಯುತ್ತಾ. ಐದು ದಿನಕ್ಕೆ ಒಂದು ಜಪಸರ ಆಗುತ್ತದೆ. ಬೈಬಲ್‌ನಲ್ಲಿ ಮುಂದಿನ ಭಾನುವಾರ ಬಲಿಪೂಜೆಯಲ್ಲಿ ಓದುವ ಶುಭಸಂದೇಶದ ಭಾಗ ಮಾತ್ರ, ವಾರವಿಡೀ ಅದೇ. ಮೂರನೇ ದಿನ ಬೇಜಾರಾಗುತ್ತದೆ. ಐದನೇ ದಿನ ಅದುವರೆಗೆ ಕಾಣದ ಒಂದು ಮಾತು ಕಣ್ಣಿಗೆ ಬೀಳುತ್ತದೆ. ರಾತ್ರಿ ಎರಡು ನಿಮಿಷ, ಜೆಸ್ವಿಟ್ ಸಂಸ್ಥೆ ಕಟ್ಟಿದ ಸಂತ ಇಗ್ನೇಷಿಯಸ್ ಕಲಿಸಿದ ಹಾಗೆ ದಿನವನ್ನು ಹಿಂತಿರುಗಿ ನೋಡುತ್ತೇನೆ. 1521ರ ಯುದ್ಧದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ಮಲಗಿದ್ದಾಗ, ಯಾವ ಯೋಚನೆ ಮುಗಿದ ಮೇಲೂ ಖುಷಿ ಉಳಿಯುತ್ತದೆ, ಯಾವುದು ಮನಸ್ಸನ್ನು ಬರಿದು ಮಾಡುತ್ತದೆ ಅಂತ ಗಮನಿಸಿದವರು ಅವರು. ಆ ಎರಡೇ ಪ್ರಶ್ನೆ ನನ್ನದೂ. ಫೋನ್ ಹಿಡಿದು ಕಳೆದ ಸಂಜೆಗಳ ಬಗ್ಗೆ ಉತ್ತರ ಯಾವಾಗಲೂ ಒಂದೇ, ಬಿಡಿ.

ಮಾಡಿದ ತಪ್ಪುಗಳನ್ನು ಚರ್ಚಿನ ಗುರುಗಳ ಮುಂದೆ ಹೇಳಿಕೊಳ್ಳುವ ಪಾಪನಿವೇದನೆಯೇ ಎಲ್ಲಕ್ಕಿಂತ ಕಷ್ಟವಾಗಿದ್ದು. ಎರಡು ವರ್ಷದ ಮೇಲೆ ಸಾಲಿನಲ್ಲಿ ನಿಂತವನು ಎರಡು ಸಲ ವಾಪಸ್ ಬಂದೆ. ಮೂರನೇ ಸಲ ಚೀಟಿಯಲ್ಲಿ ಬರೆದುಕೊಂಡು ಹೋದೆ. ಓದುವಾಗ ಗಂಟಲು ಒಣಗಿತು. ಹೇಗೆ ಶುರು ಮಾಡಬೇಕೋ ಮರೆತಿದೆ ಅಂದೆ. ಗುರುಗಳು, "ನಾನು ಹೇಳ್ತೀನಿ, ನನ್ನ ಜೊತೆ ಹೇಳು" ಅಂದರು, ಅಷ್ಟೇ. ಬೈಗುಳ ಇಲ್ಲ, ಉಪದೇಶ ಇಲ್ಲ. ಕೊಟ್ಟ ಪ್ರಾಯಶ್ಚಿತ್ತ, ಯೇಸು ಕಲಿಸಿದ ಪ್ರಾರ್ಥನೆಯನ್ನು ಒಂದೇ ಸಲ, ನಿಧಾನವಾಗಿ ಹೇಳುವುದು.

ಸುಲಭ ಅಂದುಕೊಂಡೆ. ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲಿಗೆ ಬಂದಾಗ ನಾಲಿಗೆ ನಿಂತಿತು. ಮಾತು ಬಿಟ್ಟಿದ್ದ ಒಬ್ಬ ಗೆಳೆಯನ ಮುಖ ಎದುರಿಗೆ ಬಂತು. ಚಿಕ್ಕಂದಿನಿಂದ ಸಾವಿರಾರು ಸಲ ಹೇಳಿದ್ದ ಸಾಲು, ಅವತ್ತೇ ಮೊದಲ ಸಲ ಕೇಳಿಸಿದ ಹಾಗಾಯಿತು. ಮುಗಿಸುವಷ್ಟರಲ್ಲಿ ದೇವಾಲಯದ ದೀಪಗಳನ್ನು ಆರಿಸುತ್ತಿದ್ದರು.

ಮೊದಲು ಪ್ರಾರ್ಥನೆಯಲ್ಲಿ ಮನಸ್ಸು ಅಲೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಈಗ ಅದು ಎಲ್ಲಿಗೆ ಹೋಯಿತು ಅಂತ ನೋಡುತ್ತೇನೆ. ಪರೀಕ್ಷೆಯ ಭಯಕ್ಕೆ ಹೋದರೆ ಆ ಭಯವನ್ನೇ ದೇವರಿಗೆ ಹೇಳುತ್ತೇನೆ. ಜಾಸ್ತಿ ಸಲ ಅದು ಆ ಗೆಳೆಯನ ಹತ್ತಿರವೇ ಹೋಗುತ್ತದೆ. ಮೂರು ತಿಂಗಳು ತಡೆದು, ಕೊನೆಗೆ ಅವನಿಗೆ ಮೆಸೇಜ್ ಕಳಿಸಿದೆ. ಅವನು ಓದಿದ್ದಾನೆ. ಉತ್ತರ ಬಂದಿಲ್ಲ. ಶುಕ್ರವಾರದ ಹತ್ತು ಮಣಿ ಅವನಿಗೆ.