ಟಾಸ್ಕ್ ಆಪ್‌ಗೆ ದುಡ್ಡು ಕಟ್ಟೋ ಮುಂಚೆ

ಟಾಸ್ಕ್ ಆಪ್, ಅಂದ್ರೆ ಮಾಡ್ಬೇಕಾದ ಕೆಲಸಗಳ ಪಟ್ಟಿ ಇಡೋ ಆಪ್, ಅದರ ಸಬ್‌ಸ್ಕ್ರಿಪ್ಶನ್ ರೇಟ್ ಜಾಸ್ತಿ ಆಯ್ತು ಅಂತ ಮೇಲ್ ಬಂದ ತಕ್ಷಣ ಬೇರೆ ಆಪ್ ಹುಡುಕೋಕೆ ಹೋಗ್ಬೇಡಿ, ಮೊದ್ಲು ಈಗಿರೋ ಆಪ್ ಓಪನ್ ಮಾಡಿ ಕಳೆದ ತಿಂಗಳು ಯಾವ ಯಾವ ಫೀಚರ್ ನಿಜವಾಗ್ಲೂ ಮುಟ್ಟಿದೀರಿ ಅಂತ ನೋಡಿ. ಸುಮಾರು ಜನಕ್ಕೆ ಬೇಕಾಗಿರೋದು ಲಿಸ್ಟು, ಡೇಟು, ರಿಮೈಂಡರ್, ಪದೇ ಪದೇ ಬರೋ ಕೆಲಸ, ಅಷ್ಟೇ. ಇಷ್ಟಕ್ಕೆ ಮೈಕ್ರೋಸಾಫ್ಟ್ ಟು ಡೂ, ಗೂಗಲ್ ಟಾಸ್ಕ್ಸ್, ಆಪಲ್ ರಿಮೈಂಡರ್ಸ್ ಧಾರಾಳ ಸಾಕು, ಮೂರೂ ಫ್ರೀ.

ಆದ್ರೆ ಫ್ರೀ ಅಂದ್ರೆ ಶಾಶ್ವತ ಅಂತಲ್ಲ. ವಂಡರ್‌ಲಿಸ್ಟ್ ಅನ್ನೋ ಟಾಸ್ಕ್ ಆಪ್ ನೆನಪಿದ್ಯಾ, ಎಷ್ಟು ಚೆನ್ನಾಗಿತ್ತು ಪಾಪ, 2015ರಲ್ಲಿ ಮೈಕ್ರೋಸಾಫ್ಟ್ ಕೊಂಡ್ಕೊಂಡು 2020ರಲ್ಲಿ ಮುಚ್ಚೇಬಿಡ್ತು. ಅದಕ್ಕೇ ನನ್ನ ಪ್ರಕಾರ ಬೆಲೆಗಿಂತ ಮೊದ್ಲು ನೋಡ್ಬೇಕಾದ್ದು ಎಕ್ಸ್‌ಪೋರ್ಟ್, ಅಂದ್ರೆ ನಿಮ್ಮ ಡೇಟಾನ ಆಪ್‌ನಿಂದ ಹೊರಗೆ ತೆಗೆಯೋ ಸೌಲಭ್ಯ. ಹೊಸ ಆಪ್‌ನಲ್ಲಿ ನಾಲ್ಕೈದು ಡಮ್ಮಿ ಟಾಸ್ಕ್ ಹಾಕಿ, ಒಂದಕ್ಕೆ ಸಬ್‌ಟಾಸ್ಕ್, ಇನ್ನೊಂದಕ್ಕೆ 'ಪ್ರತಿ ಸೋಮವಾರ' ಅಂತ ಕೊಟ್ಟು, ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯೋ ಸರಳ ಪಟ್ಟಿ) ಹೊರಗೆ ತೆಗೆದು ಓಪನ್ ಮಾಡಿ ನೋಡಿ, ಡೇಟು ನೋಟ್ಸು ಎಲ್ಲಾ ಸರಿಯಾಗಿ ಬಂದಿದ್ರೆ ಸರಿ, ಟೈಟಲ್ ಮಾತ್ರ ಬಂದಿದ್ರೆ ಅಲ್ಲಿಂದ ಹೊರಟುಬಿಡಿ.

ತಿಂಗಳ ಬೆಲೆ ನೋಡಿ ಕಮ್ಮಿ ಅನ್ಕೋಬೇಡಿ, ಮೂರು ವರ್ಷಕ್ಕೆ ಲೆಕ್ಕ ಹಾಕಿ. ಆಪಲ್ ಡಿವೈಸ್ ಇರೋರಿಗೆ ಥಿಂಗ್ಸ್ ಅನ್ನೋ ಟಾಸ್ಕ್ ಆಪ್ ಇದೆ, ಒಂದ್ಸಲ ಕೊಂಡ್ರೆ ಮುಗೀತು, ಆದ್ರೆ ಐಫೋನು, ಐಪ್ಯಾಡು, ಮ್ಯಾಕ್ ಎಲ್ಲಕ್ಕೂ ಬೇರೆ ಬೇರೆ ಕೊಳ್ಬೇಕು. ಸ್ವಲ್ಪ ಟೆಕ್ಕಿ ಆಗಿದ್ರೆ ವಿಕುಂಜಾ ಅನ್ನೋ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರೋ) ಟಾಸ್ಕ್ ಆಪ್‌ನ ನಿಮ್ಮದೇ ಸರ್ವರ್‌ನಲ್ಲಿ ಹಾಕ್ಕೋಬೋದು, ಬ್ಯಾಕಪ್ ತಲೆನೋವು ಮಾತ್ರ ನಿಮ್ಮದೇ.

ಟೀಮ್ ಜೊತೆ ಶೇರ್ ಮಾಡೋದಿದ್ರೆ ಎಲ್ಲರನ್ನೂ ಕೇಳ್ಕೊಂಡೇ ಬದಲಾಯಿಸಿ. ಆಟೋ ರಿನ್ಯೂವಲ್ ಇವತ್ತೇ ಆಫ್ ಮಾಡಿ, ಸಾಮಾನ್ಯವಾಗಿ ಕಟ್ಟಿರೋ ಅವಧಿ ಮುಗಿಯೋವರೆಗೂ ಆಪ್ ನಡೀತಾನೇ ಇರುತ್ತೆ.